ಉಬ್ಬಸ ನಿಂತ ಮೇಲೂ ಇನ್‌ಹೇಲರ್ ಏಕೆ? ಶ್ವಾಸನಾಳದೊಳಗೆ ನಡೆಯುತ್ತಿರುವುದೇನು?

ಬಸವನಗುಡಿಯ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಹನ್ನೊಂದು ವರ್ಷ. ನಾಲ್ಕು ವರ್ಷದವನಿದ್ದಾಗಿನಿಂದ ಆಸ್ತಮಾ ಇದೆ. ಈ ಸಲ ಕಡಲೆಕಾಯಿ ಪರಿಷೆಗೆ ಎರಡು ಸಂಜೆ ಹೋಗಿಬಂದ. ಧೂಳು, ಜನಜಂಗುಳಿ, ಹುರಿಯುವ ಬಾಣಲೆಗಳ ಹೊಗೆ, ಮೇಲೆ ಕಾರ್ತಿಕದ ಚಳಿ. ಮೂರನೆಯ ದಿನ ಬೆಳಗಿನ ಜಾವ ಎದೆ ಸುಂಯ್‌ಗುಡತೊಡಗಿತು. ಮಲಗಲಾಗದೆ ದಿಂಬು ತಬ್ಬಿಕೊಂಡು ಕುಳಿತಿದ್ದ. ಆಸ್ಪತ್ರೆಗೆ ಓಡಿದೆವು, ನೆಬ್ಯುಲೈಜರ್ ಹಾಕಿದರು, ಮಧ್ಯಾಹ್ನದ ಹೊತ್ತಿಗೆ ಸುಧಾರಿಸಿದ.

ರಕ್ತಪರೀಕ್ಷೆಯಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣದ ಸಂಖ್ಯೆ ಏರಿ 840 ಬಂತು. ಸ್ಪೇಸರ್ ಎಂಬ ಕೊಳವೆ ಜೋಡಿಸಿ ಬೆಳಿಗ್ಗೆ ಸಂಜೆ ತೆಗೆದುಕೊಳ್ಳಲು ಸ್ಟೀರಾಯ್ಡ್ ಇನ್‌ಹೇಲರ್ ಬರೆದುಕೊಟ್ಟರು. ಈಗ ಮೂರು ವಾರವಾಗಿದೆ. ಮಗ ಬ್ಯೂಗಲ್ ರಾಕ್ ಉದ್ಯಾನದಲ್ಲಿ ಓಡಾಡಿಕೊಂಡು ಆರಾಮಾಗಿದ್ದಾನೆ. ಆದರೆ ವೈದ್ಯರು ಇನ್ನೂ ಮೂರು ತಿಂಗಳು ನಿಲ್ಲಿಸಬಾರದು ಎನ್ನುತ್ತಾರೆ. ನಮ್ಮ ಅತ್ತೆಯವರು ದಿನವೂ ಕೇಳುತ್ತಾರೆ: "ಚೆನ್ನಾಗಿರುವ ಹುಡುಗನಿಗೆ ಔಷಧಿ ಏಕೆ?" ನನಗೂ ಉತ್ತರ ಗೊತ್ತಿಲ್ಲ. "ವೈದ್ಯರು ಹೇಳಿದ್ದಾರೆ" ಎಂದಷ್ಟೇ ಹೇಳಿ ಸಾಕಾಗಿದೆ. ಒಳಗೆ ನಿಜವಾಗಿ ಏನಾಗುತ್ತಿದೆ ಎಂದು ಗೊತ್ತಿರುವವರು ತಿಳಿಸಿಕೊಡುತ್ತೀರಾ?

ಸೂಕ್ಷ್ಮದರ್ಶಕ

ತಾಯಿ, ನಾನು ಹದಿನೆಂಟು ವರ್ಷಗಳಿಂದ ಪ್ರಯೋಗಾಲಯದಲ್ಲಿ ರಕ್ತ, ಕಫಗಳ ಗಾಜುಪಟ್ಟಿ ನೋಡುವವಳು. ವೈದ್ಯೆ ಅಲ್ಲ. ಔಷಧಿಯ ಪ್ರಮಾಣದ ಬಗ್ಗೆ ನಾನು ಮಾತನಾಡುವುದಿಲ್ಲ. ಆದರೆ ಅತ್ತೆಯವರ ಪ್ರಶ್ನೆಗೆ ನನ್ನ ಮೇಜಿನ ಮೇಲೆಯೇ ಉತ್ತರವಿದೆ.

ಆಸ್ತಮಾ ಕೆರಳಿದ ರೋಗಿಯ ಕಫವನ್ನು ಗಾಜಿನ ಮೇಲೆ ಹಚ್ಚಿ, ಒಣಗಿಸಿ, ಲೀಶ್ಮನ್ ಬಣ್ಣ ಹಾಕಿ ಎಣ್ಣೆಮಸೂರದ ಕೆಳಗೆ ಇಟ್ಟರೆ ಮೊದಲು ಕಣ್ಣಿಗೆ ಬೀಳುವುದು ಇಯೊಸಿನೊಫಿಲ್. ಕನ್ನಡಕದ ಎರಡು ಗಾಜುಗಳಂತೆ ಜೋಡಿಯಾದ ನೇರಳೆ ಬಣ್ಣದ ಕೋಶಕೇಂದ್ರ, ಅದರ ಸುತ್ತ ಒತ್ತೊತ್ತಾಗಿ ತುಂಬಿದ ಕಿತ್ತಳೆಗೆಂಪಿನ ಹರಳುಗಳು. ಕೇಸರಿಬಾತಿನ ರವೆ ಹೇಗೆ ಬಿಡಿಬಿಡಿಯಾಗಿ ಹೊಳೆಯುತ್ತದೆಯೋ ಹಾಗೆ. 1879ರಲ್ಲಿ ಪೌಲ್ ಎರ್ಲಿಕ್ ಈ ಕಣವನ್ನು ಬಣ್ಣ ಹಾಕಿ ಗುರುತಿಸಿದರು. ಇಯೊಸಿನ್ ಎಂಬ ಕೆಂಪು ಬಣ್ಣವನ್ನು ಹೀರಿಕೊಳ್ಳುತ್ತದೆ ಎಂದೇ ಆ ಹೆಸರು. ಆ ಕೆಂಪು ಹರಳುಗಳೊಳಗೆ ಇರುವುದು ವಿಷದಂಥ ಪ್ರೋಟೀನುಗಳು. ಹುಳುಗಳ ಮೇಲೆ ಎರಚಲು ದೇಹ ಇಟ್ಟುಕೊಂಡದ್ದು. ಆಸ್ತಮಾದಲ್ಲಿ ಅವು ಶ್ವಾಸನಾಳದ ಒಳಪದರದ ಮೇಲೆಯೇ ಬೀಳುತ್ತವೆ.

ಈಗ ಮುಖ್ಯ ವಿಷಯ. ಈ ಕಣದ ಆಯುಸ್ಸು ಬಹಳ ಕಡಿಮೆ. ಮೂಳೆಯ ಮಜ್ಜೆಯಲ್ಲಿ ಹುಟ್ಟಿ ರಕ್ತಕ್ಕೆ ಬಂದರೆ ಒಂದು ದಿನ ಇರುವುದೂ ಕಷ್ಟ. ಅಲ್ಲಿಂದ ಅಂಗಾಂಶಕ್ಕೆ ಇಳಿದರೆ ಕೆಲವು ದಿನ. ಹೊರಗೆ ತೆಗೆದು ಬರಿಯ ಪೋಷಕ ದ್ರವದಲ್ಲಿ ಇಟ್ಟರೆ ನಾಲ್ಕು ದಿನದೊಳಗೆ ಹೆಚ್ಚಿನವು ತಾವಾಗಿಯೇ ಸಾಯುತ್ತವೆ. ಅದೇ ದ್ರವಕ್ಕೆ ಇಂಟರ್‌ಲ್ಯೂಕಿನ್-5 ಎಂಬ ಸಂದೇಶದ ಪ್ರೋಟೀನನ್ನು ಚಿಟಿಕೆಯಷ್ಟು ಸೇರಿಸಿದರೆ ಎರಡು ವಾರದವರೆಗೂ ಬದುಕಿರುತ್ತವೆ. ಸಾಯಬೇಕಾದ ಕಣಕ್ಕೆ "ಇನ್ನೂ ಇರು" ಎಂದು ಹೇಳುವ ಸಂದೇಶ ಅದು.

ಆಸ್ತಮಾ ಇರುವವರ ಶ್ವಾಸನಾಳದ ಗೋಡೆಯಲ್ಲಿ ಈ ಸಂದೇಶ ಸುರಿಯುತ್ತಲೇ ಇರುತ್ತದೆ. ಹಾಗಾಗಿ ತೊಂದರೆ ಎರಡು ಕಡೆಯಿಂದ ಬರುತ್ತದೆ. ಒಂದು, ಹೊಸ ಕಣಗಳು ಹೆಚ್ಚಾಗಿ ಬರುತ್ತವೆ. ಇನ್ನೊಂದು, ಬಂದವು ಹೊರಡುವುದಿಲ್ಲ. ಮದುವೆ ಮನೆಗೆ ನೆಂಟರು ಬರುವುದು ಸಹಜ. ಊಟ ಮುಗಿದ ಮೇಲೂ ಒಬ್ಬರೂ ಹೊರಡದೆ, ದಿನವೂ ಹೊಸಬರು ಬಂದು ಸೇರುತ್ತಿದ್ದರೆ ಆ ಮನೆಯ ಗತಿ ಏನು? ನಾವು ಮೊದಲನೆಯದನ್ನೇ ಮಾತನಾಡುತ್ತೇವೆ. ಧೂಳು, ಪರಾಗ, ಚಳಿ ಇವೆಲ್ಲ ಕಣಗಳನ್ನು ಕರೆತರುವ ಕಾರಣಗಳು. ಎರಡನೆಯದು ಯಾರ ಗಮನಕ್ಕೂ ಬರುವುದಿಲ್ಲ.

ನಿಮ್ಮ ಮಗನಿಗೆ ಉಬ್ಬಸ ನಿಂತದ್ದು ನಾಳದ ಸ್ನಾಯು ಸಡಿಲಗೊಂಡು ದಾರಿ ತೆರೆದುಕೊಂಡದ್ದರಿಂದ. ಗೋಡೆಯೊಳಗೆ ಬೀಡುಬಿಟ್ಟ ಕಣಗಳು ಆ ದಿನವೇ ಖಾಲಿಯಾಗಲಿಲ್ಲ. ದಿನವೂ ತೆಗೆದುಕೊಳ್ಳುವ ಸ್ಟೀರಾಯ್ಡ್ ಆ "ಇರು" ಎಂಬ ಸಂದೇಶವನ್ನು ತಯಾರಿಸುವ ಕೋಶಗಳ ಬಾಯಿ ಕಟ್ಟುತ್ತದೆ. ಸಂದೇಶ ಸಿಗದ ಇಯೊಸಿನೊಫಿಲ್‌ಗಳು ಸಾಯುತ್ತವೆ. ಔಷಧಿ ನಿಲ್ಲಿಸಿದರೆ ಸಂದೇಶ ಮತ್ತೆ ಶುರುವಾಗುತ್ತದೆ. ಏಕೆಂದರೆ ಅಲರ್ಜಿಯನ್ನು ನೆನಪಿಟ್ಟುಕೊಂಡು ಆ ಸಂದೇಶ ತಯಾರಿಸುವ ಟಿ ಕೋಶಗಳೆಂಬ ಬಿಳಿಕಣಗಳು ಅಲ್ಲೇ ಉಳಿದಿರುತ್ತವೆ. ಅವುಗಳ ಆಯುಸ್ಸು ದೀರ್ಘ.

ಮಲ್ಲೇಶ್ವರದ ಮೇಷ್ಟ್ರು

ನಾನು ನಲವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವನು. ತಂಗಿ 'ಸೂಕ್ಷ್ಮದರ್ಶಕ' ಬರೆದದ್ದನ್ನು ಸಂತೋಷದಿಂದ ಓದಿದೆ. ಕೋಶಗಳು ತಾವಾಗಿ ಸಾಯುವ ಈ ಕ್ರಮಕ್ಕೆ 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು 'ಅಪೊಪ್ಟೋಸಿಸ್' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಎಲೆ ಉದುರುವುದು ಎಂಬ ಅರ್ಥ. ತರಗತಿಯಲ್ಲಿ ನಾನು ಮಕ್ಕಳನ್ನು ಕಿಟಕಿಯ ಬಳಿ ನಿಲ್ಲಿಸಿ ಮಾಘ ಮಾಸದ ಅರಳಿ ಮರ ತೋರಿಸುತ್ತಿದ್ದೆ. ಹಳೆಯ ಎಲೆಯನ್ನು ಮರವೇ ಕಳಚುತ್ತದೆ, ಗಾಳಿ ಕಿತ್ತುಕೊಳ್ಳುವುದಿಲ್ಲ ಎಂದು ಹೇಳುತ್ತಿದ್ದೆ. 2002ರ ನೊಬೆಲ್ ಪ್ರಶಸ್ತಿಯೂ ಇದೇ ಕ್ಷೇತ್ರಕ್ಕೆ ಬಂತು.

ಆದರೂ ಒಂದು ಆತಂಕ ಹೇಳಲೇಬೇಕು. ನನ್ನ ಅಕ್ಕ ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದವರು. ಮುಖ ಊದಿತು, ಮೂಳೆ ಸವೆಯಿತು, ಸಕ್ಕರೆ ಕಾಯಿಲೆ ಬಂತು. ಔಷಧಿ ಅಂಗಡಿಯವರು ಚೀಟಿ ಕೇಳದೆ ಕೊಡುತ್ತಿದ್ದರು, ಯಾರೂ ತಡೆಯಲಿಲ್ಲ. ಹನ್ನೊಂದು ವರ್ಷದ ಮಗುವಿಗೆ ಕೋಶಗಳನ್ನು ಸಾಯಿಸುವ ಔಷಧಿ ಎಂದರೆ ನನ್ನ ಎದೆ ನಡುಗುತ್ತದೆ. ಆ ಕಣಗಳು ದೇಹಕ್ಕೆ ಬೇಡವೇ?

ಸೂಕ್ಷ್ಮದರ್ಶಕ

ಮೇಷ್ಟ್ರೇ, ನಿಮ್ಮ ಅಕ್ಕನವರಿಗೆ ಆದದ್ದು ಅನ್ಯಾಯ. ಮಾತ್ರೆಗೂ ಇನ್‌ಹೇಲರಿಗೂ ಇರುವ ದೂರ ಮಾತ್ರ ದೊಡ್ಡದು. ಪ್ರೆಡ್ನಿಸೊಲೋನ್ ಮಾತ್ರೆಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ನುಂಗುತ್ತೇವೆ, ಅದು ರಕ್ತದ ಮೂಲಕ ಮೈಯೆಲ್ಲ ಸುತ್ತುತ್ತದೆ. ಇನ್‌ಹೇಲರಿನ ಒಂದು ಸಲದ ಔಷಧಿ ಮೈಕ್ರೋಗ್ರಾಂ ಲೆಕ್ಕದ್ದು, ಅಂದರೆ ಮಿಲಿಗ್ರಾಮಿನ ಸಾವಿರದ ಒಂದು ಪಾಲು. ನೇರವಾಗಿ ಶ್ವಾಸನಾಳಕ್ಕೆ ಇಳಿಯುತ್ತದೆ. ಸ್ಪೇಸರ್ ಇದ್ದರೆ ಗಂಟಲಿಗೆ ಅಂಟುವುದು ಕಡಿಮೆ. ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು. ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿಯ ಶಿಲೀಂಧ್ರ ಬೆಳೆಯಬಹುದು. ಮಕ್ಕಳ ಎತ್ತರವನ್ನು ವೈದ್ಯರು ಪ್ರತಿ ಭೇಟಿಯಲ್ಲೂ ಅಳೆಯಬೇಕು. ಬೆಳವಣಿಗೆಯ ಮೇಲೆ ಸ್ವಲ್ಪ ಪರಿಣಾಮ ಇರುವುದುಂಟು, ಅದನ್ನು ಮುಚ್ಚಿಡಬಾರದು. ಆದರೆ ಉಸಿರಿಗಾಗಿ ಒದ್ದಾಡುವ ರಾತ್ರಿಗಳೂ ಮಗುವಿನ ಬೆಳವಣಿಗೆಯನ್ನು ತಿನ್ನುತ್ತವೆ.

'ಕೋಶಗಳನ್ನು ಸಾಯಿಸುವ ಔಷಧಿ' ಎಂಬ ಮಾತನ್ನು ಸ್ವಲ್ಪ ತಿದ್ದುತ್ತೇನೆ. ಅವು ಎಂದೋ ಸಾಯಬೇಕಾಗಿದ್ದ ಕಣಗಳು. ನಿಮ್ಮ ಅರಳಿ ಮರದ ಮಾತೇ ತೆಗೆದುಕೊಳ್ಳಿ. ಉದುರಬೇಕಾದ ಎಲೆಯನ್ನು ದಾರ ಕಟ್ಟಿ ಕೊಂಬೆಗೇ ನಿಲ್ಲಿಸಿದಂತಾಗಿದೆ. ಔಷಧಿ ಆ ದಾರ ಬಿಚ್ಚುತ್ತದೆ.

ಹೆಬ್ಬಾಳದ ಸಂಶೋಧಕ

ಅಕ್ಕ ಹೇಳಿದ್ದು ಸರಿ. ನಾನು ಉರಿಯೂತದ ಸಂದೇಶಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಮೇಷ್ಟ್ರಂಥವರು ಕೇಳುತ್ತಿರುವುದರಿಂದ ಕೋಶದೊಳಗಿನ ವಿವರ ಸ್ವಲ್ಪ ಸೇರಿಸುತ್ತೇನೆ.

ಇಂಟರ್‌ಲ್ಯೂಕಿನ್-5 ಕೋಶದ ಹೊರಮೈಯಲ್ಲಿ ಸಂದೇಶ ಹಿಡಿಯುವ ಗ್ರಾಹಕಕ್ಕೆ ಅಂಟಿಕೊಂಡಾಗ ಒಳಗಡೆ ಜಾಕ್2 ಎಂಬ ಕಿಣ್ವ ಎಚ್ಚರಗೊಂಡು ಸ್ಟ್ಯಾಟ್5 ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಸ್ಟ್ಯಾಟ್5 ಕೋಶಕೇಂದ್ರಕ್ಕೆ ಹೋಗಿ ಬಿಸಿಎಲ್-ಎಕ್ಸ್‌ಎಲ್‌ನಂಥ ಪ್ರೋಟೀನುಗಳ ತಯಾರಿಕೆಗೆ ಆಜ್ಞೆ ಕೊಡುತ್ತದೆ. ಇವು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಕಾವಲುಗಾರರು. ಮೈಟೊಕಾಂಡ್ರಿಯಾದ ಗೋಡೆ ತೂತಾದರೆ ಸೈಟೊಕ್ರೋಮ್-ಸಿ ಎಂಬ ಪ್ರೋಟೀನು ಹೊರಗೆ ಸೋರುತ್ತದೆ, ಕ್ಯಾಸ್ಪೇಸ್ ಎಂಬ ಕತ್ತರಿಗಳು ಕೆಲಸ ಶುರುಮಾಡುತ್ತವೆ, ಕೋಶ ತನ್ನನ್ನು ತಾನೇ ತುಂಡರಿಸಿಕೊಳ್ಳುತ್ತದೆ. ಕಾವಲುಗಾರರು ಇರುವವರೆಗೆ ತೂತಾಗುವುದಿಲ್ಲ. ಅವರು ಸವೆದುಹೋಗುವುದು ಬೇಗ. ಸಂದೇಶ ಬರುತ್ತಿದ್ದರೆ ಮಾತ್ರ ಹೊಸ ಕಾವಲುಗಾರರು ಹುಟ್ಟುತ್ತಾರೆ. ಬದುಕಿರಲು ಕೋಶಕ್ಕೆ ಹೊರಗಿನ ಅನುಮತಿ ಗಂಟೆಗಂಟೆಗೂ ಬೇಕು. ಈ ಏರ್ಪಾಡನ್ನು ಮೊದಲ ಸಲ ಓದಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ಪ್ರೋಟೀನಿನ ಹೆಸರು ಎನ್‌ಎಫ್-ಕಪ್ಪಾ-ಬಿ. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಇದನ್ನು ಗುರುತಿಸಿದರು. ಉರಿಯೂತ ಹೊತ್ತಿಸುವ ಜೀನ್‌ಗಳನ್ನೂ ಕೋಶವನ್ನು ಉಳಿಸುವ ಜೀನ್‌ಗಳನ್ನೂ ಇದೇ ಆನ್ ಮಾಡುತ್ತದೆ. ಒಂದೇ ಸ್ವಿಚ್ಚಿಗೆ ದೀಪವನ್ನೂ ಬಾಗಿಲ ಚಿಲಕವನ್ನೂ ಜೋಡಿಸಿದಂತೆ: ಬೆಂಕಿ ಹೊತ್ತಿದ ಕೂಡಲೇ ಬಂದವರು ಹೊರಗೆ ಹೋಗದಂತೆ ಬಾಗಿಲೂ ಮುಚ್ಚಿಕೊಳ್ಳುತ್ತದೆ. ಸೋಂಕು ಬಂದಾಗ ಈ ಜೋಡಣೆ ನಮ್ಮನ್ನು ಕಾಪಾಡುತ್ತದೆ, ಏಕೆಂದರೆ ಹೋರಾಡುವ ಕಣಗಳು ಅರ್ಧದಲ್ಲಿ ಸಾಯಬಾರದು. ಸೋಂಕೇ ಇಲ್ಲದೆ ಧೂಳಿನ ಹುಳುವಿನ ಹಿಕ್ಕೆಗೆ ಇದೇ ಸಂಭ್ರಮ ನಡೆದರೆ ಅದು ಆಸ್ತಮಾ. ಸ್ಟೀರಾಯ್ಡ್ ಈ ಸ್ವಿಚ್ಚನ್ನೂ ಆಫ್ ಮಾಡುತ್ತದೆ.

ಆದರೆ ಇಂಟರ್‌ಲ್ಯೂಕಿನ್-5 ಒಂದೇ ಕಾರಣ ಎಂದುಕೊಳ್ಳಬಾರದು. ಇಂಟರ್‌ಲ್ಯೂಕಿನ್-3 ಮತ್ತು ಜಿಎಂ-ಸಿಎಸ್‌ಎಫ್ ಎಂಬ ಇನ್ನೆರಡು ಸಂದೇಶಗಳೂ ಇದೇ ಕೆಲಸ ಮಾಡುತ್ತವೆ. ಮೂರರ ಗ್ರಾಹಕದಲ್ಲೂ ಒಂದು ತುಂಡು ಸಮಾನ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಂಟರ್‌ಲ್ಯೂಕಿನ್-5ಕ್ಕೆ ವಿರುದ್ಧವಾದ ಮೆಪೊಲಿಜುಮ್ಯಾಬ್ ಎಂಬ ಔಷಧಿ ಕೊಟ್ಟು ಶ್ವಾಸನಾಳದ ತುಣುಕು ತೆಗೆದು ನೋಡಿದರು. ರಕ್ತದಲ್ಲಿ ಇಯೊಸಿನೊಫಿಲ್ ಹೆಚ್ಚುಕಡಿಮೆ ಪೂರ್ತಿ ಮಾಯವಾಗಿತ್ತು. ಶ್ವಾಸನಾಳದಲ್ಲಿ ಕಡಿಮೆಯಾದದ್ದು ಶೇಕಡಾ 55 ಮಾತ್ರ. ಗೋಡೆಯೊಳಗೆ ಸೇರಿಕೊಂಡವು ಬೇರೆ ಸಂದೇಶಗಳನ್ನು ಹಿಡಿದು ಬದುಕಿಕೊಂಡಿದ್ದವು. ಅದಕ್ಕೇ ರಕ್ತದ ಸಂಖ್ಯೆ ಇಳಿದ ಮಾತ್ರಕ್ಕೆ ಒಳಗೆ ಎಲ್ಲ ಶಾಂತವಾಗಿದೆ ಎನ್ನಲಾಗದು.

ಪೀಣ್ಯದಿಂದ

ನಿಮ್ಮೆಲ್ಲರ ಮಾತು ಓದಿ ನನ್ನ ವಿಷಯ ಬರೆಯುತ್ತಿದ್ದೇನೆ. ನನಗೆ ನಲವತ್ತಾರು. ಇಪ್ಪತ್ತು ವರ್ಷದಿಂದ ಗ್ರೈಂಡಿಂಗ್ ಮತ್ತು ಬಣ್ಣ ಹೊಡೆಯುವ ವಿಭಾಗದಲ್ಲಿ ಕೆಲಸ. ಎಂಟು ವರ್ಷದಿಂದ ಉಬ್ಬಸ. ಇನ್‌ಹೇಲರ್ ಸರಿಯಾಗಿ ತೆಗೆದುಕೊಳ್ಳುತ್ತೇನೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಪ್ರತಿ ಸಲ ಐದು ದಿನದ ಸ್ಟೀರಾಯ್ಡ್ ಮಾತ್ರೆ ಕೊಡುತ್ತಾರೆ. ಈ ವರ್ಷ ಆರು ಸಲ ಆಯಿತು. ಇಯೊಸಿನೊಫಿಲ್ 60 ಎಂದು ವರದಿ ಬಂದಿದೆ. "ನಿನಗೆ ಅಲರ್ಜಿಯೇ ಇಲ್ಲ, ಬೀಡಿ ಬಿಡು" ಎಂದರು. ಬೀಡಿ ಬಿಟ್ಟು ಹದಿನಾಲ್ಕು ತಿಂಗಳಾಯಿತು. ಉಬ್ಬಸ ಬಿಟ್ಟಿಲ್ಲ. ಎರಡನೆಯ ಮಹಡಿ ಹತ್ತುವಷ್ಟರಲ್ಲಿ ನಿಲ್ಲಬೇಕಾಗುತ್ತದೆ. ಔಷಧಿ ನನಗೇ ಏಕೆ ಕೆಲಸ ಮಾಡುತ್ತಿಲ್ಲ?

ಹೆಬ್ಬಾಳದ ಸಂಶೋಧಕ

ಅಣ್ಣ, ಬೀಡಿ ಬಿಟ್ಟದ್ದು ದೊಡ್ಡ ಕೆಲಸ. ಹೊಗೆ ಸ್ಟೀರಾಯ್ಡಿನ ಶಕ್ತಿಯನ್ನೇ ಕುಂದಿಸುತ್ತದೆ.

ನಿಮ್ಮ ಪ್ರಶ್ನೆ ಈ ವಿಷಯದ ಅತ್ಯಂತ ಕಷ್ಟದ ಭಾಗ. ಎಲ್ಲರ ಆಸ್ತಮಾದಲ್ಲೂ ಇಯೊಸಿನೊಫಿಲ್ ಮುಖ್ಯವಲ್ಲ. ಕೆಲವರ ಕಫದಲ್ಲಿ ನ್ಯೂಟ್ರೊಫಿಲ್ ತುಂಬಿರುತ್ತದೆ. ಕೀವಿನಲ್ಲಿ ಇರುತ್ತದಲ್ಲ, ಅದೇ ಬಿಳಿಕಣ. ಸ್ಟೀರಾಯ್ಡ್ ಇಯೊಸಿನೊಫಿಲ್‌ನ ಸಾವನ್ನು ತ್ವರೆಗೊಳಿಸುತ್ತದೆ, ನ್ಯೂಟ್ರೊಫಿಲ್‌ನ ಸಾವನ್ನು ತಡಮಾಡುತ್ತದೆ. ಒಂದೇ ಔಷಧಿ, ಎರಡು ಕಣಗಳಿಗೆ ಎರಡು ಆಜ್ಞೆ. ಪ್ರಯೋಗಾಲಯದ ತಟ್ಟೆಯಲ್ಲಿ ಇದನ್ನು ನಾನೇ ಕಣ್ಣಾರೆ ನೋಡಿದ್ದೇನೆ: ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಹಾಕದ ಗುಳಿಯಲ್ಲಿ ಮರುದಿನದ ಹೊತ್ತಿಗೆ ನ್ಯೂಟ್ರೊಫಿಲ್‌ಗಳ ಕೋಶಕೇಂದ್ರ ಮುದುಡಿ ಕರಿಯ ಚುಕ್ಕೆಯಾಗಿತ್ತು. ಹಾಕಿದ ಗುಳಿಯಲ್ಲಿ ಬಹಳಷ್ಟು ಇನ್ನೂ ಮೂರು ನಾಲ್ಕು ಹಾಲೆಗಳ ಹಳೆಯ ಆಕಾರದಲ್ಲೇ ಇದ್ದವು. ನ್ಯೂಟ್ರೊಫಿಲ್ ಎಂಸಿಎಲ್-1 ಎಂಬ ಕಾವಲುಗಾರನನ್ನು ನೆಚ್ಚಿಕೊಂಡಿದೆ. ಅದು ಕೆಲವೇ ಗಂಟೆಗಳಲ್ಲಿ ಕರಗುವಂಥದ್ದು. ಸ್ಟೀರಾಯ್ಡ್ ಇದ್ದಾಗ ಅದು ಹೆಚ್ಚು ಹೊತ್ತು ಉಳಿಯುತ್ತದೆ. ಕಫದಿಂದ ಮುಚ್ಚಿದ ನಾಳದಲ್ಲಿ ಆಮ್ಲಜನಕ ಕಡಿಮೆಯಾಗುವುದೂ ನ್ಯೂಟ್ರೊಫಿಲ್‌ನ ಆಯುಸ್ಸನ್ನು ಹೆಚ್ಚಿಸುತ್ತದೆ.

ಇನ್ನೊಂದು ದಾರಿಯೂ ಇದೆ. 2010ರ ಸುಮಾರಿಗೆ ಪತ್ತೆಯಾದ ಐಎಲ್‌ಸಿ2 ಎಂಬ ಕೋಶಗಳು ಇಂಟರ್‌ಲ್ಯೂಕಿನ್-5 ಅನ್ನು ಹೇರಳವಾಗಿ ಸುರಿಸುತ್ತವೆ. ಗಾಯಗೊಂಡ ಶ್ವಾಸನಾಳದ ಒಳಪದರ ಟಿಎಸ್‌ಎಲ್‌ಪಿ ಎಂಬ ಎಚ್ಚರಿಕೆಯ ಸಂದೇಶ ಕಳುಹಿಸುತ್ತದೆ. ಈ ಸಂದೇಶ ಸಿಕ್ಕಿದ ಐಎಲ್‌ಸಿ2ಗಳು ಸ್ಟೀರಾಯ್ಡ್ ಕೊಟ್ಟರೂ ಸಾಯುವುದಿಲ್ಲ ಎಂದು 2013ರಲ್ಲಿ ಜಪಾನಿನ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ಅಲ್ಲೂ ಸ್ಟ್ಯಾಟ್5, ಅಲ್ಲೂ ಬಿಸಿಎಲ್-ಎಕ್ಸ್‌ಎಲ್. ಬಣ್ಣದ ಆವಿ, ಲೋಹದ ಧೂಳು ದಿನವೂ ಒಳಪದರವನ್ನು ಕೆರೆಯುತ್ತಿದ್ದರೆ ಆ ಎಚ್ಚರಿಕೆ ನಿಲ್ಲುವುದೇ ಇಲ್ಲ.

ಮಕ್ಕಳ ವಾರ್ಡ್ ನರ್ಸ್

ಪೀಣ್ಯದ ಅಣ್ಣನವರೇ, ಒಂದು ಮುಖ್ಯ ಮಾತು. ಆ 60 ಎಂಬ ಸಂಖ್ಯೆ ಬಂದಾಗ ನೀವು ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಿರಾ? ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ರಕ್ತದ ಇಯೊಸಿನೊಫಿಲ್ ಬಿದ್ದುಹೋಗುತ್ತದೆ. ಮಾತ್ರೆಯ ನಡುವೆ ಮಾಡಿಸಿದ ಪರೀಕ್ಷೆಯನ್ನು ನಂಬಿ "ನಿಮ್ಮದು ಆ ಬಗೆ ಅಲ್ಲ" ಎಂದು ತೀರ್ಮಾನಿಸುವಂತಿಲ್ಲ. ಮಾತ್ರೆ ನಿಲ್ಲಿಸಿ ಸಾಕಷ್ಟು ದಿನ ಕಳೆದ ಮೇಲೆ, ವೈದ್ಯರನ್ನು ಕೇಳಿ ಮತ್ತೆ ಮಾಡಿಸಿ. ಹೊಸೂರು ರಸ್ತೆಯಲ್ಲಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ, ಸರ್ಕಾರಿ ಆಸ್ಪತ್ರೆ. ಊದುವ ಪರೀಕ್ಷೆ ಮಾಡಿಸಿ, ಯಾವ ಬಣ್ಣ, ಯಾವ ಗಟ್ಟಿಗೊಳಿಸುವ ದ್ರವ ಬಳಸುತ್ತೀರಿ ಎಂದು ಡಬ್ಬದ ಮೇಲಿನ ಹೆಸರು ಬರೆದುಕೊಂಡು ಹೋಗಿ. ಐಸೊಸಯನೇಟ್ ಎಂಬ ರಾಸಾಯನಿಕ ಇರುವ ಬಣ್ಣಗಳು ಕೆಲಸದಿಂದ ಬರುವ ಆಸ್ತಮಾಕ್ಕೆ ಹೆಸರಾದವು. ರಜೆಯಲ್ಲಿ ಊರಿಗೆ ಹೋದಾಗ ಉಸಿರು ಹಗುರವಾಗುತ್ತದೆಯೇ ಎಂಬುದನ್ನೂ ಮರೆಯದೆ ಹೇಳಿ.

ಬಸವನಗುಡಿಯ ಅಕ್ಕ, ನಿಮ್ಮ ಮಗನ 840ರ ಬಗ್ಗೆಯೂ ಹೇಳುತ್ತೇನೆ. ನಮ್ಮ ನಾಡಿನಲ್ಲಿ ಆ ಸಂಖ್ಯೆ ಏರಲು ಜಂತುಹುಳುವೂ ಕಾರಣ. ಶಾಲೆಯಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ತೆಗೆದುಕೊಂಡನೇ ಎಂದು ವೈದ್ಯರಿಗೆ ತಿಳಿಸಿ. ದೊಡ್ಡವರಿಗೆ, ಅದರಲ್ಲೂ ಬರಿಗಾಲಿನಲ್ಲಿ ಹೊಲದ ಮಣ್ಣು ತುಳಿದವರಿಗೆ, ಚರ್ಮದ ಮೂಲಕ ಒಳಹೊಗುವ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ಇರಬಹುದು. ಅದು ಇದ್ದಾಗ ಸ್ಟೀರಾಯ್ಡ್ ಮಾತ್ರೆ ಅಥವಾ ಚುಚ್ಚುಮದ್ದು ಬಿದ್ದರೆ ಹುಳು ಮೈಯೆಲ್ಲ ಹರಡಿ ಜೀವಕ್ಕೇ ಅಪಾಯ. ಈ ಕಣಗಳು ದೇಹಕ್ಕೆ ಬೇಡವೇ ಎಂದು ಮೇಷ್ಟ್ರು ಕೇಳಿದ್ದು ಬಹಳ ಸರಿಯಾದ ಪ್ರಶ್ನೆ. ಬೇಕು. ಆದ್ದರಿಂದಲೇ ಎಣಿಸಿ, ಕಾರಣ ಹುಡುಕಿ, ಆಮೇಲೆ ಅದುಮಬೇಕು.

ನಾನು ವಾರ್ಡಿನಲ್ಲಿ ಹೆಚ್ಚು ನೋಡುವುದು ಬೇರೆ ತಪ್ಪು. ನಾಳ ಸಡಿಲಿಸುವ ಸಾಲ್‌ಬ್ಯುಟಮಾಲ್ ಇನ್‌ಹೇಲರ್ ಒಂದನ್ನೇ ಬಳಸಿ ತಿಂಗಳುಗಟ್ಟಲೆ ಕಳೆಯುವುದು. ತಕ್ಷಣ ಹಿತ ಸಿಗುತ್ತದೆ, ಒಳಗಿನ ಉರಿಯೂತ ಹಾಗೆಯೇ ಇರುತ್ತದೆ. 2019ರಿಂದ ಜಾಗತಿಕ ಆಸ್ತಮಾ ಮಾರ್ಗಸೂಚಿಯೂ ಹದಿಹರೆಯದವರಿಗೆ ಮತ್ತು ದೊಡ್ಡವರಿಗೆ ಅದೊಂದನ್ನೇ ಬಳಸುವುದು ಬೇಡ, ಜೊತೆಗೆ ಉಸಿರಿನ ಸ್ಟೀರಾಯ್ಡ್ ಇರಲೇಬೇಕು ಎನ್ನುತ್ತಿದೆ. ನಮ್ಮ ಊರಿನ ಮಕ್ಕಳ ಮಟ್ಟಿಗೆ ಇದು ಸಣ್ಣ ಮಾತಲ್ಲ. ಡಾ. ಎಚ್. ಪರಮೇಶ್ ಅವರು ಬೆಂಗಳೂರಿನಲ್ಲಿ ಆಸ್ಪತ್ರೆಗೆ ಬಂದ ಇಪ್ಪತ್ತು ಸಾವಿರ ಮಕ್ಕಳನ್ನು ಪರಿಗಣಿಸಿ ಮಾಡಿದ ಅಧ್ಯಯನದಲ್ಲಿ ಆಸ್ತಮಾ 1979ರಲ್ಲಿ ಶೇಕಡಾ 9 ಇದ್ದದ್ದು 1999ರಲ್ಲಿ ಶೇಕಡಾ 29.5ಕ್ಕೆ ಏರಿತ್ತು. ಅವು ಆಸ್ಪತ್ರೆಯ ಲೆಕ್ಕ, ಇಡೀ ಊರಿನದಲ್ಲ. ಆದರೂ ಆ ಏರಿಕೆ ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ವಿಜಯನಗರ

ನನ್ನ ತಮ್ಮ ಮೂರು ವರ್ಷ ಮೃಗಶಿರಾ ಮಳೆಯ ದಿನ ಹೈದರಾಬಾದಿಗೆ ಹೋಗಿ ಮೀನಿನ ಮದ್ದು ನುಂಗಿ ಬಂದ. ಪ್ರತಿ ಸಲ ನಂಬಿಕೆಯಿಂದಲೇ ಹೋದ. ಆ ಮೂರು ವರ್ಷ ಇನ್‌ಹೇಲರ್ ಬಿಟ್ಟಿದ್ದ. ನಾಲ್ಕನೆಯ ವರ್ಷ ತುರ್ತು ಚಿಕಿತ್ಸಾ ಘಟಕ ಸೇರಿ, ಬದುಕಿ ಬಂದ. ಈಗ ದಿನವೂ ಎರಡು ಸಲ ತಪ್ಪದೆ ತೆಗೆದುಕೊಳ್ಳುತ್ತಾನೆ. ಚೆನ್ನಾಗಿರುವಾಗಲೇ ಔಷಧಿ ಬೇಕು ಎಂಬುದು ನಮ್ಮ ಮನೆಗೆ ಇಷ್ಟು ಬೆಲೆ ತೆತ್ತು ತಿಳಿಯಿತು.

ಜೆ.ಪಿ. ನಗರ ಆರನೆಯ ಹಂತ

ನಾನು ಬೆನ್ರಲಿಜುಮ್ಯಾಬ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿರುವವಳು. ಹನ್ನೆರಡು ವರ್ಷ ಸ್ಟೀರಾಯ್ಡ್ ಮಾತ್ರೆಯ ಜೊತೆ ಬದುಕಿದೆ. ಮೊದಲ ಮೂರು ಚುಚ್ಚುಮದ್ದು ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎಂಟು ವಾರಕ್ಕೊಮ್ಮೆ. ನನ್ನ ವರದಿಯಲ್ಲಿ ಈಗ ಇಯೊಸಿನೊಫಿಲ್ ಸೊನ್ನೆ. ಮೆಪೊಲಿಜುಮ್ಯಾಬ್ ಸಂದೇಶವನ್ನು ಹಿಡಿದುಹಾಕುತ್ತದೆ, ಇದು ಕಣದ ಮೇಲಿನ ಗ್ರಾಹಕಕ್ಕೇ ಅಂಟಿಕೊಂಡು ದೇಹದ ಎನ್‌ಕೆ ಎಂಬ ಕೊಲ್ಲುವ ಕೋಶಗಳನ್ನು ಕರೆದು ಆ ಕಣವನ್ನು ಕೊಲ್ಲಿಸುತ್ತದೆ ಎಂದು ನಮ್ಮ ವೈದ್ಯರು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಈಗ ಲಾಲ್‌ಬಾಗಿನಲ್ಲಿ ಒಂದು ಸುತ್ತು ನಿಲ್ಲದೆ ನಡೆಯುತ್ತೇನೆ. ಬೆಲೆ ಮಾತ್ರ ಬಹಳ. ತವರಿನವರ ಸಹಾಯವಿಲ್ಲದೆ ನನಗೆ ಆಗುತ್ತಿರಲಿಲ್ಲ. ಸರ್ಕಾರದ ಯೋಜನೆಗಳಲ್ಲಿ ಇಂಥ ಔಷಧಿಗಳು ಸೇರಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಹೆಬ್ಬಾಳದ ಸಂಶೋಧಕ

ಅಕ್ಕ, ನಿಮ್ಮ ಚುಚ್ಚುಮದ್ದಿನ ವಂಶದ ಇತಿಹಾಸದಲ್ಲಿ ಒಂದು ಪಾಠವಿದೆ. 2000ದಲ್ಲಿ ಮೆಪೊಲಿಜುಮ್ಯಾಬ್ ಅನ್ನು ಸೌಮ್ಯ ಅಲರ್ಜಿ ಆಸ್ತಮಾ ಇರುವವರಿಗೆ ಕೊಟ್ಟು ನೋಡಿದರು. ಇಯೊಸಿನೊಫಿಲ್ ಇಳಿಯಿತು, ಅಲರ್ಜಿಗೆ ನಾಳ ಬಿಗಿಯುವುದು ಕಡಿಮೆಯಾಗಲಿಲ್ಲ. ಇಯೊಸಿನೊಫಿಲ್‌ಗೂ ಆಸ್ತಮಾಕ್ಕೂ ಸಂಬಂಧವೇ ಇಲ್ಲವೇನೋ ಎಂದು ಬಹಳ ಜನ ಕೈಚೆಲ್ಲಿದರು. 2009ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಮತ್ತು ಕೆನಡಾದ ಹ್ಯಾಮಿಲ್ಟನ್‌ನ ಎರಡು ತಂಡಗಳು ಬೇರೆ ದಾರಿ ಹಿಡಿದವು. ಚಿಕಿತ್ಸೆಯ ನಡುವೆಯೂ ಕಫದಲ್ಲಿ ಇಯೊಸಿನೊಫಿಲ್ ಉಳಿದಿದ್ದವರನ್ನೇ ಆರಿಸಿದವು. ಲೆಸ್ಟರ್‌ನಲ್ಲಿ 61 ಜನ, ಹ್ಯಾಮಿಲ್ಟನ್‌ನಲ್ಲಿ 20 ಜನ. ಉಬ್ಬಸ ಕೆರಳುವ ಸಲಗಳು ಕಡಿಮೆಯಾದವು. 2015ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಔಷಧಿ ಅದೇ. ಯಾರಿಗೆ ಕೊಡಬೇಕು ಎಂದು ತಿಳಿಯಲು ಒಂಬತ್ತು ವರ್ಷ ಹಿಡಿಯಿತು. ಪೀಣ್ಯದ ಅಣ್ಣನಿಗೆ ನಿಮ್ಮದು ಯಾವ ಬಗೆ ಎಂದು ಮೊದಲು ಪರೀಕ್ಷಿಸಿಕೊಳ್ಳಿ ಎಂದು ಎಲ್ಲರೂ ಒತ್ತಿ ಹೇಳುತ್ತಿರುವುದು ಇದಕ್ಕೇ.

ಪೀಣ್ಯದಿಂದ

ನರ್ಸ್ ಅಕ್ಕ, ನೀವು ಕೇಳಿದ್ದು ನಿಜ. ಮಾತ್ರೆಯ ನಾಲ್ಕನೆಯ ದಿನ ರಕ್ತ ಕೊಟ್ಟಿದ್ದೆ. ಊರಿಗೆ ಹೋದಾಗ ನಾಲ್ಕು ದಿನದಲ್ಲಿ ಎದೆ ಹಗುರವಾಗುತ್ತದೆ, ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಡಬ್ಬದ ಮೇಲಿನ ಹೆಸರನ್ನು ಮೊಬೈಲಿನಲ್ಲಿ ತೆಗೆದುಕೊಂಡಿದ್ದೇನೆ. ಶನಿವಾರ ಹೊಸೂರು ರಸ್ತೆಗೆ ಹೋಗುತ್ತೇನೆ.

ಬಸವನಗುಡಿಯ ತಾಯಿ

ಎಲ್ಲರಿಗೂ ಕೈಮುಗಿದು ಹೇಳುತ್ತಿದ್ದೇನೆ, ಇಷ್ಟು ತಿಳಿವಳಿಕೆ ನನಗೆ ಎಲ್ಲೂ ಸಿಕ್ಕಿರಲಿಲ್ಲ. ಅತ್ತೆಯವರಿಗೆ ಮದುವೆ ಮನೆಯ ನೆಂಟರ ಮಾತು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಸಂಜೆಯದನ್ನು ನಾನೇ ಕೊಡಿಸುತ್ತೇನೆ" ಎಂದರು. ಈಗ ಸ್ಪೇಸರ್ ಹಿಡಿದು ಅವನು ಉಸಿರೆಳೆಯುವುದನ್ನು ಐದರವರೆಗೆ ಎಣಿಸುತ್ತಾರೆ.

ಮಗ ಪಕ್ಕದಲ್ಲಿ ಕುಳಿತು ಇದನ್ನೆಲ್ಲ ಓದಿದ. ಅವನದೊಂದು ಪ್ರಶ್ನೆ: ಸತ್ತ ಕಣಗಳು ಎಲ್ಲಿಗೆ ಹೋಗುತ್ತವೆ? ಅವನ ಎದೆಯಲ್ಲೇ ರಾಶಿ ಬೀಳುತ್ತವೆಯೇ?

ಸೂಕ್ಷ್ಮದರ್ಶಕ

ಅವನಿಗೆ ಹೇಳಿ, ಈ ಪ್ರಶ್ನೆ ನಾನು ಕೆಲಸಕ್ಕೆ ಸೇರಿ ಐದು ವರ್ಷವಾದ ಮೇಲೆ ನನಗೆ ಹೊಳೆದದ್ದು.

ಮ್ಯಾಕ್ರೋಫೇಜ್ ಎಂಬ ದೊಡ್ಡ ಕೋಶಗಳಿವೆ, ಎದೆಯ ಕಸ ತೆಗೆಯುವವರು. ಕಣ ಅಪೊಪ್ಟೋಸಿಸ್‌ನಿಂದ ಕ್ರಮವಾಗಿ ಸತ್ತರೆ ಅದರ ಚೀಲ ಒಡೆಯುವುದಿಲ್ಲ, ವಿಷದ ಹರಳು ಹೊರಗೆ ಚೆಲ್ಲುವುದಿಲ್ಲ. 'ನನ್ನನ್ನು ತಿನ್ನು' ಎಂಬ ಗುರುತನ್ನು ತನ್ನ ಹೊರಮೈಯಲ್ಲಿ ತೋರಿಸುತ್ತದೆ. ಮ್ಯಾಕ್ರೋಫೇಜ್ ಬಂದು ಇಡಿಯಾಗಿ ನುಂಗುತ್ತದೆ. ನುಂಗಿದ ಮೇಲೆ ಉರಿಯೂತ ತಣಿಸುವ ಸಂದೇಶಗಳನ್ನೂ ಹೊರಡಿಸುತ್ತದೆ. ತೀವ್ರ ಆಸ್ತಮಾ ಇರುವವರಲ್ಲಿ ಈ ಮ್ಯಾಕ್ರೋಫೇಜ್‌ಗಳು ಸೋತಿರುತ್ತವೆ. ತಿನ್ನುವವರಿಲ್ಲದೆ ಕಣಗಳು ಒಡೆದು ಎಲ್ಲವನ್ನೂ ಚೆಲ್ಲುತ್ತವೆ. ಆಗ ಕಫದಲ್ಲಿ ಎರಡೂ ತುದಿ ಚೂಪಾದ, ಸೂಜಿಯಂಥ ಬೇರೆ ಬಗೆಯ ಹರಳುಗಳು ಕಾಣುತ್ತವೆ. ಶಾರ್ಕೊ 1853ರಲ್ಲಿ, ಲೇಡನ್ 1872ರಲ್ಲಿ ಇವುಗಳನ್ನು ವರ್ಣಿಸಿದ್ದರು. ಇಯೊಸಿನೊಫಿಲ್ ಒಡೆದಾಗ ಹೊರಬಿದ್ದ ಗ್ಯಾಲೆಕ್ಟಿನ್-10 ಎಂಬ ಪ್ರೋಟೀನು ಹರಳುಗಟ್ಟಿದ್ದು ಅದು. ಆ ಹರಳೇ ಮತ್ತೆ ಉರಿಯೂತ ಹುಟ್ಟಿಸುತ್ತದೆ. ಹೇಗೆ ಸಾಯುತ್ತವೆ ಎಂಬುದೂ ಇಷ್ಟು ಮುಖ್ಯ.

ಇವತ್ತು ಬೆಳಿಗ್ಗೆ ನನ್ನ ಮೇಜಿಗೆ ಒಂದು ಕಫದ ಪಟ್ಟಿ ಬಂದಿತ್ತು. ಯಾರದು ಎಂದು ಹೇಳುವಂತಿಲ್ಲ. ಆರು ವಾರ ತಪ್ಪದೆ ಇನ್‌ಹೇಲರ್ ತೆಗೆದುಕೊಂಡವರು. ಇಯೊಸಿನೊಫಿಲ್‌ಗಳು ಅಲ್ಲೊಂದು ಇಲ್ಲೊಂದು. ಒಂದು ಮೂಲೆಯಲ್ಲಿ ದೊಡ್ಡದೊಂದು ಮ್ಯಾಕ್ರೋಫೇಜ್, ಬೂದು ನೀಲಿ ಬಣ್ಣದ್ದು, ನೊರೆನೊರೆಯಾಗಿತ್ತು. ಅದರ ಹೊಟ್ಟೆಯೊಳಗೆ ಮುದುಡಿ ದುಂಡಗಾದ ಒಂದು ಇಯೊಸಿನೊಫಿಲ್. ಎರಡು ಗಾಜಿನ ಕನ್ನಡಕ ಹೋಗಿ ಒಂದೇ ಕರಿಯ ಉಂಡೆಯಾಗಿತ್ತು. ಸುತ್ತ ಕೇಸರಿ ಹರಳುಗಳು ಇನ್ನೂ ಗುರುತು ಸಿಗುವಂತಿದ್ದವು. ಪಕ್ಕದ ಮೇಜಿನ ಹುಡುಗಿಯನ್ನು ಕರೆದು ತೋರಿಸಿದೆ.

ಬಸವನಗುಡಿಯ ತಾಯಿ

ಓದಿ ಹೇಳಿದೆ. ಅದರ ಚಿತ್ರ ಬರೆಯಲು ಕುಳಿತಿದ್ದಾನೆ, ಮ್ಯಾಕ್ರೋಫೇಜಿಗೆ ಯಾವ ನೀಲಿ ಎಂದು ಕೇಳುತ್ತಿದ್ದಾನೆ.

ಸೂಕ್ಷ್ಮದರ್ಶಕ

ಮಳೆ ಬರುವ ಮುಂಚಿನ ಮೋಡದ ನೀಲಿ. ಅಂಚಿನಲ್ಲಿ ತೆಳುವಾಗಿರಲಿ.